ಗೂಢಚಾರನ ಮೂರನೆಯ ವಾರ

ಸಿನಿಮಾ ನೋಡುವುದು ಒಂದು ಚಟವಾದರೆ, ಅದರ ವಸೂಲಿಯ ಲೆಕ್ಕ ಹಾಕುವುದು ಅದಕ್ಕಿಂತ ದೊಡ್ಡ ಚಟ. ಮೊದಲನೆಯದು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಎರಡನೆಯದು ಊಟದ ಹೊತ್ತನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ತಂಗಿಯ ಮಗನ ದೆಸೆಯಿಂದ 2018ರ ಆಗಸ್ಟ್ ತಿಂಗಳಲ್ಲಿ ಈ ಎರಡನೆಯ ಚಟ ನಮಗೂ ತಗುಲಿತು. ಅದರಿಂದ ಕಲಿತದ್ದು ಸಿನಿಮಾ ಹುಚ್ಚಿಲ್ಲದ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಅದಕ್ಕೂ ಹಿಂದಿನ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ವಿಶಾಖಪಟ್ಟಣದಲ್ಲಿ ನೆಲೆಸಿರುವ ನಮ್ಮಂಥವರಿಗೆ ಕನ್ನಡ ಚಿತ್ರವೆಂದರೆ ಅಪರೂಪದ ಅತಿಥಿ. ಬಂದರೂ ಒಂದೇ ಆಟ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಒಮ್ಮೆ ಅಂಥ ಒಂದು ಚಿತ್ರ ಬಂದಾಗ, "ಬರುವ ಭಾನುವಾರ ಎಲ್ಲರೂ ಕೂಡಿ ಹೋಗೋಣ" ಎಂದು ನಾಲ್ಕಾರು ಮನೆಯವರು ಮಾತಾಡಿಕೊಂಡೆವು. ಭಾನುವಾರ ಬಂದಿತು, ಚಿತ್ರ ಹೋಗಿತ್ತು. ಥಿಯೇಟರಿನವರಿಗೆ ಕನ್ನಡವೆಂದರೆ ತಾತ್ಸಾರವೆಂದು ನಾವು ಬಾಯಿ ತುಂಬ ಬೈದೆವು. ಆ ಬೈಗುಳ ಎಷ್ಟರಮಟ್ಟಿಗೆ ನ್ಯಾಯವಾಗಿತ್ತೆಂಬುದನ್ನು ನಮಗೆ ತಿಳಿಸಿಕೊಟ್ಟವನು ಒಬ್ಬ ತೆಲುಗು ಗೂಢಚಾರ.

ಚಿತ್ರದ ಹೆಸರು ‘ಗೂಢಚಾರಿ’. 2018ರ ಆಗಸ್ಟ್ 3, ಶುಕ್ರವಾರ ತೆರೆ ಕಂಡಿತು. ನಿರ್ದೇಶಕರು ಶಶಿಕಿರಣ್ ತಿಕ್ಕ. ನಾಯಕ ಅಡಿವಿ ಶೇಷ್ ಅವರದೇ ಕಥೆ. ನಾಯಕಿ ಶೋಭಿತಾ ಧೂಳಿಪಾಳ ವಿಶಾಖಪಟ್ಟಣದಲ್ಲಿ ಬೆಳೆದವರು. ನಾಯಕನನ್ನು ಸಾಕಿ ಬೆಳೆಸುವ ಹಿರಿಯನ ಪಾತ್ರದಲ್ಲಿ ನಮ್ಮ ಪ್ರಕಾಶ್ ರೈ, ಎಂದರೆ ತೆಲುಗರ ಪ್ರಕಾಶ್ ರಾಜ್. ಚಿತ್ರಕ್ಕೆ ದೊಡ್ಡ ಬಂಡವಾಳವಿರಲಿಲ್ಲ. ಮೊದಲ ದಿನವೇ ಜನರನ್ನು ಬಾಗಿಲಿಗೆ ಎಳೆತರುವ ಮಹಾತಾರೆಯ ಹೆಸರೂ ಇರಲಿಲ್ಲ. ಹೆಸರು ಮಾತ್ರ ಹಳೆಯದನ್ನು ನೆನಪಿಸುವಂಥದು. 1966ರಲ್ಲಿ ನಟ ಕೃಷ್ಣ ‘ಗೂಢಚಾರಿ 116’ ಆಗಿ ತೆಲುಗರಿಗೆ ಬಾಂಡ್ ಮಾದರಿಯ ರುಚಿ ಹತ್ತಿಸಿದ್ದರು. ಎರಡು ವರ್ಷದ ಮೇಲೆ, 1968ರಲ್ಲಿ, ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿ.ಐ.ಡಿ. 999 ಆದುದನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು.

ಆ ಕಾಲದ ಗೂಢಚಾರರಿಗೆ ಬಿಡುವಿತ್ತು. ಒಂದು ಚಿತ್ರಕ್ಕೆ ಕೆಲವೇ ಪ್ರಿಂಟುಗಳು. ಅವು ಮೊದಲು ದೊಡ್ಡ ಊರುಗಳಲ್ಲಿ ಓಡಿ, ಆಮೇಲೆ ಸಣ್ಣ ಊರುಗಳಿಗೆ ಹೋಗಿ, ಕಡೆಗೆ ಗೆರೆ ಬಿದ್ದ ಮೈಯಿಂದ ಟೆಂಟಿನಲ್ಲಿ ಮಿನುಗುತ್ತಿದ್ದವು. ಆದುದರಿಂದಲೇ ಐವತ್ತು ದಿನ, ನೂರು ದಿನದ ಬೋರ್ಡುಗಳು. ಈಗ ಪ್ರಿಂಟಿನ ಹಂಗಿಲ್ಲ. ಒಂದೇ ಶುಕ್ರವಾರ ನೂರಾರು ಊರುಗಳಲ್ಲಿ ಪರದೆ ಏಳುತ್ತದೆ. ನೂರು ದಿನದಲ್ಲಿ ಬರುತ್ತಿದ್ದ ಜನ ಹತ್ತು ದಿನದಲ್ಲೇ ಬಂದು ಹೋಗುತ್ತಾರೆ. ಅಂದಿನ ನೂರನೆಯ ದಿನಕ್ಕೆ ಸಮವಾದದ್ದು ಇಂದಿನ ಮೂರನೆಯ ವಾರವೆಂದರೆ ತಪ್ಪಾಗದು.

‘ಗೂಢಚಾರಿ’ಯ ಮೂರನೆಯ ವಾರವಂತೂ ಸುಲಭದ್ದಾಗಿರಲಿಲ್ಲ. ಆಗಸ್ಟ್ 9ರಂದು ‘ಶ್ರೀನಿವಾಸ ಕಲ್ಯಾಣಂ’ ಬಂದಿತು. ಮರುದಿನ ಕಮಲಹಾಸನ್ ಅವರ ‘ವಿಶ್ವರೂಪಂ 2’. ಅದೂ ಗೂಢಚಾರನ ಕಥೆಯೇ. ಹದಿಮೂರನೆಯ ದಿನ, ಆಗಸ್ಟ್ 15ರ ರಜೆಗೆ, ‘ಗೀತ ಗೋವಿಂದಂ’ ಬಂದು ಊರೆಲ್ಲ ಅದರ ಹಿಂದೆ ಹೋಯಿತು. ಅದರ ನಾಯಕಿ ವಿರಾಜಪೇಟೆಯ ರಶ್ಮಿಕಾ ಮಂದಣ್ಣ. ಹೀಗಾಗಿ ನಮ್ಮ ಮನೆಯಲ್ಲಿಯೂ ಎರಡು ಪಕ್ಷ: ಒಂದು ಕೊಡಗಿನ ಕಡೆ, ಒಂದು ಪ್ರಕಾಶ್ ರೈ ಕಡೆ.

ಹುಡುಗ ಊಟಕ್ಕೆ ಕುಳಿತು ಫೋನಿನಲ್ಲಿ ಆಸನಗಳ ನಕ್ಷೆ ನೋಡುತ್ತಿದ್ದ. "ಮಾವ, ‘ಗೂಢಚಾರಿ’ ಕಥೆ ಮುಗೀತು. ಹೋದ ವಾರಕ್ಕೂ ಈ ವಾರಕ್ಕೂ ವಸೂಲಿ ಪೂರಾ ಇಳಿದುಹೋಗಿದೆ" ಎಂದ.

"ಇಳಿದದ್ದು ಜನವೋ, ಆಟವೋ?" ಎಂದೆವು. ಅವನಲ್ಲಿ ಉತ್ತರವಿರಲಿಲ್ಲ, ನಮ್ಮಲ್ಲೂ ಇರಲಿಲ್ಲ. ಆ ರಾತ್ರಿಯೇ ಇಬ್ಬರೂ ಎರಡನೆಯ ಆಟಕ್ಕೆ ಹೋದೆವು. ಹಿಂದಿನ ವಾರ ಅದೇ ಥಿಯೇಟರಿನಲ್ಲಿ ನಾಲ್ಕು ಆಟವಿದ್ದ ಚಿತ್ರಕ್ಕೆ ಈಗ ಉಳಿದಿದ್ದುದು ಅದೊಂದೇ. ಆದರೆ ನಾವೆಣಿಸಿದಂತೆ ಹಾಲು ಬರಿದಾಗಿರಲಿಲ್ಲ. ಅರ್ಧಕ್ಕೂ ಮಿಕ್ಕಿ ತುಂಬಿತ್ತು, ಮಕ್ಕಳನ್ನು ಕರೆದುಕೊಂಡು ಬಂದ ಸಂಸಾರಸ್ಥರೂ ಇದ್ದರು. ಮನೆಗೆ ಬಂದವರೇ ಕಾಗದ, ಪೆನ್ಸಿಲು ಹಿಡಿದು ಕುಳಿತೆವು.

ಒಂದು ಬಾಯಿಲೆಕ್ಕ ಮಾಡೋಣ. ಥಿಯೇಟರಿನಲ್ಲಿ 600 ಆಸನ. ದಿನಕ್ಕೆ ನಾಲ್ಕು ಆಟ, ಆಟಕ್ಕೆ 90 ಜನ ಬಂದರೆ ಒಟ್ಟು 360. ಇನ್ನೊಂದು ಚಿತ್ರಕ್ಕೆ ಒಂದೇ ಆಟ, ಬಂದವರು 330. ಒಟ್ಟು ಜನ ಮೊದಲನೆಯದಕ್ಕೇ ಹೆಚ್ಚು. ಆದರೆ ಅದು ನೂರರಲ್ಲಿ 15 ಆಸನ ತುಂಬಿಸಿದರೆ, ಇದು 55 ತುಂಬಿಸಿದೆ. ಥಿಯೇಟರಿನವನು ಯಾವುದನ್ನು ಉಳಿಸಿಕೊಳ್ಳಬೇಕು? ಮೊದಲನೆಯದಕ್ಕೆ ದಿನಕ್ಕೆ ನಾಲ್ಕು ಸಲ ದೀಪ, ಹವಾನಿಯಂತ್ರಣ, ಆಳುಗಳ ಖರ್ಚು. ಎರಡನೆಯದಕ್ಕೆ ಒಂದೇ ಸಲ. ಆದುದರಿಂದ ಕೊನೆಯ ವಾರಗಳಲ್ಲಿ ಒಟ್ಟು ಮೊತ್ತವನ್ನಷ್ಟೇ ನೋಡಿ ‘ಚಿತ್ರ ಬಿತ್ತು’ ಎನ್ನುವುದು ಅವಸರದ ತೀರ್ಪು. ಆಟಕ್ಕೆ ಎಷ್ಟು ಜನ ಎಂದು ಕೇಳಬೇಕು. ಅದರಲ್ಲೂ ಸೋಮವಾರದ ಆಟಕ್ಕೆ ಎಷ್ಟು ಜನ ಎಂದು ಕೇಳಬೇಕು.

ಇನ್ನೊಂದು ಎಡವಟ್ಟು, ಯಾವ ಮೊತ್ತವೆಂಬುದನ್ನು ತಿಳಿಯದೆ ವಾದಿಸುವುದು. ಮಾರಿದ ಟಿಕೆಟ್ಟುಗಳ ಒಟ್ಟು ಹಣ ಗ್ರಾಸ್. ಅದರಲ್ಲಿ ತೆರಿಗೆ ಕಳೆದರೆ ನೆಟ್. 2018ರ ಆ ದಿನಗಳಲ್ಲಿ ನೂರು ರೂಪಾಯಿವರೆಗಿನ ಟಿಕೆಟ್ಟಿಗೆ ನೂರಕ್ಕೆ 18, ಅದಕ್ಕೆ ಮೇಲ್ಪಟ್ಟದ್ದಕ್ಕೆ 28 ಜಿ.ಎಸ್.ಟಿ. ಇತ್ತು. 2019ರ ಜನವರಿಯಿಂದ ಅದು 12 ಮತ್ತು 18 ಆಯಿತು. 2025ರ ಸೆಪ್ಟೆಂಬರ್ 22ರಿಂದ ಕಡಮೆ ಬೆಲೆಯ ಟಿಕೆಟ್ಟಿಗೆ 5ಕ್ಕೆ ಇಳಿಯಿತು. ನೆಟ್ಟಿನಲ್ಲಿ ಥಿಯೇಟರಿನ ಬಾಡಿಗೆಯೋ ಪಾಲೋ ಹೋದ ಮೇಲೆ ಹಂಚಿಕೆದಾರನ ಕೈಗೆ ಬರುವುದು ಷೇರ್. ಅವನು ಚಿತ್ರ ಕೊಂಡ ಬೆಲೆಯೊಡನೆ ತೂಗಬೇಕಾದದ್ದು ಈ ಷೇರನ್ನು, ಗ್ರಾಸನ್ನಲ್ಲ. ಅಷ್ಟೇ ಅಲ್ಲ, ವಾರ ಕಳೆದಂತೆ ಪಾಲೂ ಕರಗಬಹುದು. ಹಿಂದಿ ಚಿತ್ರಗಳವರಿಗೂ ಮಲ್ಟಿಪ್ಲೆಕ್ಸಿನವರಿಗೂ ಜಗಳವಾಗಿ 2009ರಲ್ಲಿ ಆದ ಒಪ್ಪಂದದಲ್ಲಿ ಚಿತ್ರದವರ ಪಾಲು ಮೊದಲ ವಾರ ನೂರಕ್ಕೆ 50, ಎರಡನೆಯದು 42.5, ಮೂರನೆಯದು 37.5, ಆಮೇಲೆ 30 ಎಂದು ನಿಂತಿತು. ಮೊದಲ ಶುಕ್ರವಾರದ ಒಂದು ರೂಪಾಯಿಯೂ ನಾಲ್ಕನೆಯ ಶುಕ್ರವಾರದ ಒಂದು ರೂಪಾಯಿಯೂ ಒಂದೇ ಅಲ್ಲವೆಂದಾಯಿತು.

ಅದೇ ವಾರ ಕಾರ್ಯನಿಮಿತ್ತ ವಿಜಯವಾಡಕ್ಕೆ ಹೋಗಬೇಕಾಗಿ ಬಂದಿತು. ಮಧ್ಯಾಹ್ನದ ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು 350 ಕಿಲೋಮೀಟರು. ಹುಡುಗನೂ ಜೊತೆಗಿದ್ದ. ವಿಜಯವಾಡದಲ್ಲಿ ಚಿತ್ರ ಹಂಚಿಕೆದಾರರ ಕಚೇರಿಗಳು ಸೇರಿಕೊಂಡಿರುವ ಬಡಾವಣೆ ಗಾಂಧಿನಗರ. ನಮ್ಮ ಬೆಂಗಳೂರಿನಲ್ಲೂ ಸಿನಿಮಾದವರ ಬೀಡು ಗಾಂಧಿನಗರವೇ! ದಾರಿಯುದ್ದಕ್ಕೂ ಹುಡುಗ, "ವೈಜಾಗು ವಿಜಯವಾಡವನ್ನು ಹೊಡೆದುಹಾಕಿತು" ಎಂದು ಷೇರಿನ ಪಟ್ಟಿ ಓದುತ್ತಲೇ ಇದ್ದ. ಈ ವ್ಯಾಪಾರದ ಭೂಪಟವೇ ಬೇರೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಆ ಪಟ್ಟಿಯಲ್ಲಿ ವೈಜಾಗೆಂದರೆ ನಗರವಷ್ಟೇ ಅಲ್ಲ; ಶ್ರೀಕಾಕುಳಂ, ವಿಜಯನಗರಂ ಸೇರಿದ ಉತ್ತರಾಂಧ್ರ, ಎಂದರೆ ಹಳೆಯ ಮೂರು ಜಿಲ್ಲೆ. ವಿಜಯವಾಡ ಸೇರುವುದು ಕೃಷ್ಣಾ ಎಂಬ ಪ್ರದೇಶಕ್ಕೆ. ಅದು ಹಳೆಯ ಒಂದೇ ಜಿಲ್ಲೆ. ಮೂವರು ಹೊತ್ತ ಮೂಟೆಯನ್ನು ಒಬ್ಬ ಹೊತ್ತ ಮೂಟೆಯೊಡನೆ ತೂಗಿದಂತಾಯಿತು. ಒಂದೊಂದು ಪ್ರದೇಶದ ಷೇರನ್ನೂ ಆ ಪ್ರದೇಶಕ್ಕೆ ಕೊಟ್ಟ ಬೆಲೆಯೊಡನೆ ತೂಗಬೇಕೇ ಹೊರತು ಪಕ್ಕದೂರಿನೊಡನೆ ಅಲ್ಲ.

ವಿಜಯವಾಡದಲ್ಲಿ ಕೆಲಸ ಮುಗಿಸಿಕೊಂಡು ಸಂಜೆ ಒಂದು ಥಿಯೇಟರಿನ ಮುಂದೆ ಹಾದುಹೋದೆವು. ಅಲ್ಲಿಯೂ ‘ಗೂಢಚಾರಿ’ಗೆ ಒಂದೇ ಆಟ, ಟಿಕೆಟ್ ಕಿಟಕಿಯ ಮುಂದೆ ಸಣ್ಣದೊಂದು ಸಾಲು. ಫೋನಿನ ನಕ್ಷೆಯಲ್ಲಿ ಆ ಸಾಲು ಕಾಣುತ್ತಿರಲಿಲ್ಲ. ಹುಡುಗ ತಾನಾಗಿಯೇ ಫೋನನ್ನು ಜೇಬಿಗೆ ಹಾಕಿದ.

ಚಿತ್ರ ಗೆದ್ದಿತೆಂಬುದು ಈಗ ಎಲ್ಲರಿಗೂ ತಿಳಿದದ್ದೇ; ಮುಂದುವರಿದ ಭಾಗವನ್ನು ಘೋಷಿಸುವಷ್ಟು ಗೆದ್ದಿತು. ಅದನ್ನು ಗೆಲ್ಲಿಸಿದವರು ಮೊದಲ ದಿನ ಶಿಳ್ಳೆ ಹೊಡೆದವರು ಮಾತ್ರವಲ್ಲ. ನೋಡಿಬಂದವರ ಮಾತು ಕೇಳಿ, ಹೊಸ ಚಿತ್ರ ಎದುರಿಗಿದ್ದರೂ ಇದನ್ನೇ ಹುಡುಕಿಕೊಂಡು ಹೋದವರು. ಮೊದಲ ಮೂರು ದಿನ ಪ್ರಚಾರದ ಬೆಲೆ ಹೇಳಿದರೆ, ಮೂರನೆಯ ವಾರ ಚಿತ್ರದ ಬೆಲೆ ಹೇಳುತ್ತದೆ.

ಈಗ ನಮ್ಮ ಆ ಹಳೆಯ ಬೈಗುಳಕ್ಕೆ ಬರೋಣ. ಆ ಕನ್ನಡ ಚಿತ್ರದ ಒಂದೇ ಆಟಕ್ಕೆ ಸೋಮವಾರ ಎಷ್ಟು ಜನ ಹೋಗಿದ್ದೆವು? ನಾವು ಹೋಗಿರಲಿಲ್ಲ, ನಮಗೆ ಗೊತ್ತಿದ್ದ ಯಾವ ಮನೆಯವರೂ ಹೋಗಿರಲಿಲ್ಲ. ಎಲ್ಲರೂ ಎಲ್ಲರಿಗಾಗಿ ಭಾನುವಾರದವರೆಗೆ ಕಾದಿದ್ದೆವು. ಶುಕ್ರವಾರ ಬೆಳಗ್ಗೆ ಥಿಯೇಟರಿನವನು ತನ್ನ ಲೆಕ್ಕ ನೋಡಿದ. ಅದರಲ್ಲಿ ತಾತ್ಸಾರವಿರಲಿಲ್ಲ, ಖಾಲಿ ಕುರ್ಚಿಗಳಿದ್ದವು.

ಆದುದರಿಂದ ಕುಟುಂಬ ಬಂಧುಗಳಲ್ಲಿ ಒಂದೇ ವಿನಂತಿ. ನಮ್ಮ ಊರುಗಳಿಗೆ ಕನ್ನಡ ಚಿತ್ರ ಬಂದಾಗ ಎಲ್ಲರೂ ಕೂಡುವ ಭಾನುವಾರಕ್ಕೆ ಕಾಯಬೇಡಿ. ಎರಡು ಮನೆಯವರು ಶನಿವಾರ ಹೋಗಿ, ಎರಡು ಮನೆಯವರು ಸೋಮವಾರ ಹೋಗಿ. ಚಿತ್ರ ಚೆನ್ನಾಗಿದ್ದರೆ ಪಕ್ಕದ ತೆಲುಗು ಮನೆಯವರಿಗೂ ಹೇಳಿ. ಚೆನ್ನಾಗಿಲ್ಲದಿದ್ದರೆ ಹಾಗೆಂದೇ ಹೇಳಿ. ಸುಳ್ಳು ಹೇಳಿ ತುಂಬಿಸಿದ ಕುರ್ಚಿ ಎರಡನೆಯ ವಾರಕ್ಕೆ ಉಳಿಯುವುದಿಲ್ಲ. ಹುಡುಗ ಈಗ ಓದು ಮುಗಿಸಿ ನೌಕರಿಗೆ ಸೇರಿ ಬೇರೆ ಊರಿನಲ್ಲಿದ್ದಾನೆ. ಅಲ್ಲಿ ಕನ್ನಡ ಚಿತ್ರ ಬಂದರೆ ಸೋಮವಾರವೇ ಹೋಗುತ್ತಾನಂತೆ. ಬಂದು ನಮಗೆ ಫೋನು ಮಾಡಿ ವಸೂಲಿ ಹೇಳುವುದಿಲ್ಲ. ಆಟಕ್ಕೆ ಎಷ್ಟು ಜನವಿದ್ದರೆಂದು ಹೇಳುತ್ತಾನೆ.