ಬೆನ್ನುಹುರಿಯ ಮೊದಲ ೨೮ ದಿನಗಳು

ನಮ್ಮ ಬೆನ್ನಿನ ನಡುವೆ ಕೈಯಾಡಿಸಿದರೆ ಪೋಣಿಸಿದ ಮಣಿಗಳಂತೆ ಎಲುಬುಗಳು ತಗಲುತ್ತವೆ. ಪ್ರತಿಯೊಂದು ಎಲುಬಿನ ಹಿಂಬದಿಯಲ್ಲಿಯೂ ಒಂದು ಕಮಾನುಂಟು. ಈ ಕಮಾನುಗಳ ಆಸರೆಯಲ್ಲಿ ಬೆನ್ನುಹುರಿಯು ಸುರಕ್ಷಿತವಾಗಿ ಇಳಿದು ಬರುತ್ತದೆ. ಆದರೆ ಕೆಲವು ಶಿಶುಗಳಲ್ಲಿ ಕಮಾನು ಹುಟ್ಟುವಾಗಲೇ ಸೀಳಿರುತ್ತದೆ. ಈ ನ್ಯೂನತೆಯನ್ನು ವೈದ್ಯರು 'ಸ್ಪೈನಾ ಬೈಫಿಡಾ' ಎಂದು ಕರೆಯುತ್ತಾರೆ.

ಇದರ ಉಗ್ರರೂಪಕ್ಕೆ ಮೂಲವೆಲ್ಲಿ? ಗರ್ಭಾಂಕುರವಾದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಮೇಲೆ ಜೀವಕೋಶಗಳ ಚಪ್ಪಟೆ ಹಾಳೆಯೊಂದು ಮೂಡುತ್ತದೆ. ಅದರ ಅಂಚುಗಳು ಮೇಲೆದ್ದು, ವೀಳ್ಯದೆಲೆಯನ್ನು ಸುರುಳಿ ಸುತ್ತಿದಂತೆ ಬಾಗಿ, ಒಂದನ್ನೊಂದು ಕೂಡಿ ನಾಳವಾಗುತ್ತವೆ. ಮಿದುಳೂ ಬೆನ್ನುಹುರಿಯೂ ರೂಪುಗೊಳ್ಳುವುದು ಈ ನರನಾಳದಿಂದಲೇ. ಸುಮಾರು ೨೮ನೆಯ ದಿನದ ಹೊತ್ತಿಗೆ ಅದರ ಎರಡು ತುದಿಗಳೂ ಮುಚ್ಚಿರಬೇಕು. ಕೆಳಭಾಗವು ತೆರೆದುಳಿದರೆ ಅದರ ಮೇಲೆ ಎಲುಬೂ ಚರ್ಮವೂ ಕೂಡಲಾರವು. ಹುರಿಯೂ ನರಗಳೂ ಚೀಲದಂತೆ ಹೊರಗೆ ಉಬ್ಬುತ್ತವೆ. ಅಂಥ ಶಿಶುವಿನ ಕಾಲುಗಳಲ್ಲಿ ಬಲವೂ ಸ್ಪರ್ಶಜ್ಞಾನವೂ ಕುಂದಬಹುದು. ಮಲಮೂತ್ರಗಳ ಹಿಡಿತ ತಪ್ಪಬಹುದು. ಅನೇಕರಲ್ಲಿ ಮಿದುಳಿನೊಳಗೆ ದ್ರವವು ತುಂಬಿ ತಲೆ ದೊಡ್ಡದಾಗುತ್ತದೆ.

ಇನ್ನು ಕೆಲವು ಮಕ್ಕಳಲ್ಲಿ ಚರ್ಮವು ಮುಚ್ಚಿದ್ದರೂ ಒಳಗೆ ಹುರಿಯ ತುದಿ ಅಂಟಿಕೊಂಡಿರುತ್ತದೆ. ಮಗು ಬೆಳೆದಂತೆ ಹುರಿ ಜಗ್ಗಿ ನಡಿಗೆ ಕೆಡುತ್ತದೆ. ಸೊಂಟದ ಮೇಲೆ ಕೂದಲಿನ ಗೊಂಚಲೋ ಆಳವಾದ ಕುಳಿಯೋ ಕಂಡರೆ ವೈದ್ಯರಿಗೆ ತೋರಿಸುವುದು ವಿವೇಕ.

ಚಿಕಿತ್ಸೆ ಇಲ್ಲದಿಲ್ಲ. ಜಾನ್ ಹೋಲ್ಟರ್ ಎಂಬ ಅಮೆರಿಕದ ಯಂತ್ರಕುಶಲಿ ತನ್ನ ಮಗನಿಗಾಗಿಯೇ, ಮಿದುಳಿನ ದ್ರವವನ್ನು ಹೊರಹರಿಸುವ ಸಿಲಿಕೋನ್ ಕವಾಟವೊಂದನ್ನು ರಚಿಸಿದನು. ೧೯೫೬ರಿಂದ ಬಳಕೆಗೆ ಬಂದ ಅದು ಅಸಂಖ್ಯ ಮಕ್ಕಳ ಪ್ರಾಣ ಉಳಿಸಿತು. ತಾಯಿಯ ಗರ್ಭದಲ್ಲಿರುವಾಗಲೇ ಸೀಳನ್ನು ಹೊಲಿದರೆ ಹೆಚ್ಚು ಮಕ್ಕಳು ನಡೆಯಬಲ್ಲರೆಂದು ೨೦೧೧ರಲ್ಲಿ ಅಮೆರಿಕದಲ್ಲಿಯೇ ಸಿದ್ಧವಾಯಿತು. ಆದರೂ ಕೆಟ್ಟ ನರವನ್ನು ಪೂರ್ಣವಾಗಿ ಸರಿಪಡಿಸುವುದು ಯಾರಿಗೂ ಸಾಧ್ಯವಾಗಿಲ್ಲ.

ಆದುದರಿಂದ ತಡೆಯುವುದೇ ಮೇಲು. ಅದಕ್ಕೆ ನೆರವಾಗುವ ಜೀವಸತ್ತ್ವವೇ ಫೋಲಿಕ್ ಆಮ್ಲ. ಇದರ ಕಥೆಗೆ ನಮ್ಮ ದೇಶದ ನಂಟೂ ಉಂಟು. ಮುಂಬಯಿಯ ಬಟ್ಟೆಗಿರಣಿಗಳ ಬಸುರಿ ಕಾರ್ಮಿಕರ ರಕ್ತಹೀನತೆಯನ್ನು ಯೀಸ್ಟಿನ ಸಾರವು ಗುಣಪಡಿಸುವುದೆಂದು ಲೂಸಿ ವಿಲ್ಸ್ ೧೯೩೧ರಲ್ಲಿ ಪ್ರಕಟಿಸಿದರು. ಆ ಸಾರದೊಳಗಿನ ಗುಣಕಾರಿ ಅಂಶ ಇದೇ ವರ್ಗದ್ದೆಂದು ಮುಂದೆ ತಿಳಿಯಿತು. ಹಿಂದಿನ ಬಸಿರಿನಲ್ಲಿ ಇಂಥ ನ್ಯೂನತೆ ಕಂಡಿದ್ದ ತಾಯಂದಿರಿಗೆ ಫೋಲಿಕ್ ಆಮ್ಲ ಕೊಟ್ಟಾಗ, ಅದು ನೂರಕ್ಕೆ ೭೨ರಷ್ಟು ಕಡಿಮೆಯಾದುದನ್ನು ೧೯೯೧ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು.

ತೊಡಕಿರುವುದು ಕಾಲದಲ್ಲಿ. ೨೮ನೆಯ ದಿನದಲ್ಲಿ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ತಿಳಿದು ಗುಳಿಗೆ ತರುವಷ್ಟರಲ್ಲಿ ನಾಳದ ಭವಿಷ್ಯ ನಿರ್ಧಾರವಾಗಿರುತ್ತದೆ. ಆದಕಾರಣ ಮಗುವನ್ನು ಬಯಸುವ ಸ್ತ್ರೀಯು ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ ೪೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಹಿಂದೆ ಇಂಥ ಶಿಶು ಹುಟ್ಟಿದ್ದರೆ ವೈದ್ಯರು ಹೆಚ್ಚಿನ ಪ್ರಮಾಣವನ್ನು ಸೂಚಿಸುತ್ತಾರೆ. ಇದರಿಂದ ಎಲ್ಲ ನ್ಯೂನತೆಗಳೂ ತಪ್ಪುವುದಿಲ್ಲ. ತಪ್ಪದಿದ್ದಲ್ಲಿ ತಾಯಿಯನ್ನು ದೂರುವುದು ನ್ಯಾಯವಲ್ಲ. ಆದರೆ ತಪ್ಪಿಸಬಹುದಾದುದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ. ಇಂದಿನ ವಿದ್ಯಾರ್ಥಿಗಳೇ ನಾಳಿನ ತಾಯಿತಂದೆಗಳು. ಈ ತಿಳಿವು ಶಿಶುವಿಗಿಂತ ಮೊದಲೇ ಮನೆ ಸೇರಬೇಕಾದುದು.