ಬಾಣಂತಿಯ ತಟ್ಟೆಯೂ ಧ್ರುವದ ಗಾಳಿಯೂ

ಗೋಕಾಕ ಕಡೆ ಮನೆಯಲ್ಲಿ ಹೆರಿಗೆಯಾದರೆ ಒಲೆಯ ಮೇಲೆ ತುಪ್ಪದ ಬಾಣಲೆ ಏರುತ್ತದೆ. ಕಾದ ತುಪ್ಪಕ್ಕೆ ಬಿದ್ದ ಅಂಟು ಅರಳಿನ ಹಾಗೆ ಉಬ್ಬುತ್ತದೆ. ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಕೂಡಿ ಅಂಟಿನುಂಡೆಯಾಗುತ್ತದೆ. ಪೇಟೆಯಲ್ಲಿ ಮಾರುವ ಕರದಂಟು ಇದರದೇ ಬಳಗ. ಕರಿದ ಅಂಟು ಎಂಬುದೇ ಆ ಹೆಸರಿನ ಅರ್ಥ. ‘ತಿನ್ನವ್ವಾ, ನೀ ತಿಂದ್ರ ಕೂಸಿಗೆ ಹಾಲ ಇಳೀತಾವ’ ಎಂದು ಆಯಿ ಮೊಮ್ಮಗಳ ಕೈಗೆ ಇನ್ನೊಂದು ಉಂಡೆ ಇಡುತ್ತಾಳೆ.

ಭೂಮಿಯ ಇನ್ನೊಂದು ತುದಿಯಲ್ಲೂ ಇಂಥದೇ ಅಜ್ಜಿಯರಿದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರಕ್ಕೆ ನುನಾವಿಕ್ ಎಂಬ ಹಿಮದ ಸೀಮೆಯಿದೆ. ಅಲ್ಲಿನ ಇನ್ಯೂಯಿಟ್ ಜನರಿಗೆ ಬೆಳೆಯಿಲ್ಲ, ಹೊಲವಿಲ್ಲ. ಸೀಲ್, ಬೆಲುಗಾ ತಿಮಿಂಗಿಲ, ಮೀನು, ಕಾಡು ಹಿಮಸಾರಂಗ ಅವರ ಊಟ. ಬೆಲುಗಾದ ಚರ್ಮವನ್ನು ಅದರಡಿಯ ಕೊಬ್ಬಿನ ಸಮೇತ ತಿನ್ನುವುದು ಅವರಿಗೆ ಹಬ್ಬದೂಟ. ಚಳಿಯನ್ನು ತಡೆಯುವ ಬಲ ಬರುವುದೇ ಆ ಕೊಬ್ಬಿನಿಂದ.

1980ರ ದಶಕದ ಕೊನೆಯಲ್ಲಿ ಕ್ವಿಬೆಕ್‌ನ ವೈದ್ಯ ವಿಜ್ಞಾನಿ ಎರಿಕ್ ದೆವೈಯಿ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಂಬ ರಾಸಾಯನಿಕಗಳನ್ನು ಅಳೆಯುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ವಸ್ತುಗಳಿವು. ದಕ್ಷಿಣದ ಕೈಗಾರಿಕಾ ನಗರಗಳ ಹಾಲಿಗೆ ಹೋಲಿಸಿ ನೋಡಲು ಶುದ್ಧವಾದ ಹಾಲು ಬೇಕಿತ್ತು. ಕಾರ್ಖಾನೆಗಳೇ ಇಲ್ಲದ ನುನಾವಿಕ್‌ಗಿಂತ ಶುದ್ಧ ಜಾಗ ಇನ್ನೆಲ್ಲಿ? ಫಲಿತಾಂಶ ಬಂದಾಗ ಲೆಕ್ಕ ತಿರುವುಮುರುವಾಗಿತ್ತು. ಇನ್ಯೂಯಿಟ್ ತಾಯಂದಿರ ಹಾಲಿನಲ್ಲಿ ಪಿಸಿಬಿ ದಕ್ಷಿಣದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು.

ಇದು ಹೇಗಾಯಿತೆಂದು ತಿಳಿಯಲು ಅನ್ನದ ಪಾತ್ರೆಯ ಮುಚ್ಚಳ ಸಾಕು. ಕುದಿಯುವ ನೀರು ಆವಿಯಾಗಿ ಮೇಲೇರಿ, ತಣ್ಣಗಿರುವ ಮುಚ್ಚಳಕ್ಕೆ ತಾಗಿ ಹನಿಗಟ್ಟುತ್ತದೆ. ಪಿಸಿಬಿಯೂ ಡಿಡಿಟಿ, ಬಿಎಚ್‌ಸಿ ಎಂಬ ಕೀಟನಾಶಕಗಳೂ ಬಿಸಿಲಿಗೆ ನಿಧಾನವಾಗಿ ಆವಿಯಾಗುತ್ತವೆ. ಗೋಕಾಕದ ಬೇಸಿಗೆಯಲ್ಲಿ ಕಾದ ಹೊಲದಿಂದ ಎದ್ದ ಅಣು ಗಾಳಿ ಹಿಡಿದು ಹೊರಡುತ್ತದೆ, ತಂಪು ಸಿಕ್ಕಲ್ಲಿ ಇಳಿಯುತ್ತದೆ, ಮತ್ತೆ ಬಿಸಿಲೇರಿದಾಗ ಏಳುತ್ತದೆ. ಈ ಪಯಣಕ್ಕೆ ವಿಜ್ಞಾನಿಗಳು ‘ಮಿಡತೆ ಜಿಗಿತ’ ಎನ್ನುತ್ತಾರೆ. ಧ್ರುವ ಮುಟ್ಟಿದ ಮೇಲೆ ಮತ್ತೆ ಏಳುವಷ್ಟು ಬಿಸಿಲಿಲ್ಲ. ಮಿಡತೆ ಅಲ್ಲೇ ಕೂರುತ್ತದೆ. ಆ ಚಳಿಯಲ್ಲಿ ಅದು ಕೊಳೆಯುವುದೂ ಬಹಳ ತಡ. ಭೂಮಿಗೆ ಧ್ರುವವೇ ಪಾತ್ರೆಯ ಮುಚ್ಚಳ.

ನೀರಿಗೆ ಬಿದ್ದ ಅಣು ತಿಮಿಂಗಿಲದ ಮೈಯಲ್ಲಿ ಗುಡ್ಡೆಯಾಗುವ ಬಗೆ ನಮ್ಮ ಅಡುಗೆಮನೆಯಲ್ಲೇ ಕಾಣುತ್ತದೆ. ಈ ರಾಸಾಯನಿಕಗಳು ನೀರಿಗೆ ಬೆರೆಯುವುದಿಲ್ಲ, ಕೊಬ್ಬಿಗೆ ಅಂಟುತ್ತವೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಏಳರಷ್ಟು. ಒಂದು ಕಿಲೋ ತುಪ್ಪಕ್ಕೆ ಸುಮಾರು 14 ಲೀಟರ್ ಹಾಲು ಬೇಕು. ಹೆಪ್ಪು ಹಾಕಿ ಕಡೆದರೆ ಹಾಲಿನಲ್ಲಿದ್ದ ಡಿಡಿಟಿ ಬೆಣ್ಣೆಯ ಸಂಗಡ ಹೋಗುತ್ತದೆ, ಮಜ್ಜಿಗೆಯಲ್ಲಿ ಉಳಿಯುವುದು ಅತ್ಯಲ್ಪ. ಹದಿನಾಲ್ಕು ಲೀಟರಿನ ಪಾಲು ಒಂದೇ ಡಬ್ಬಿಯ ತುಪ್ಪಕ್ಕೆ ಬರುತ್ತದೆ. ಕಡಲಿನಲ್ಲಿ ಇದೇ ಕೆಲಸವನ್ನು ಬಾಯಿಗಳು ಮಾಡುತ್ತವೆ. ಪಾಚಿಯನ್ನು ಸಿಗಡಿಯಂಥ ಸಣ್ಣ ಜೀವಿ, ಅದನ್ನು ಮೀನು, ಮೀನನ್ನು ಸೀಲ್ ತಿಂದಂತೆ ಪ್ರತಿ ಮೆಟ್ಟಿಲಿನಲ್ಲೂ ವಿಷ ದಟ್ಟವಾಗುತ್ತದೆ. ಸೀಲನ್ನು ತಿನ್ನುವ ತಾಯಿ ಆ ಏಣಿಯ ಮೇಲಿದ್ದಾಳೆ. ಅವಳ ಹಾಲು ಕುಡಿಯುವ ಕೂಸು ಇನ್ನೂ ಒಂದು ಮೆಟ್ಟಿಲು ಮೇಲಿದೆ.

ಪಾದರಸದ ದಾರಿ ಕೊಂಚ ಬೇರೆ. ಕಲ್ಲಿದ್ದಲ ಹೊಗೆಯಲ್ಲಿ ಹೊರಟು ನೀರಿಗಿಳಿದ ಪಾದರಸ ಬ್ಯಾಕ್ಟೀರಿಯಾಗಳಿಂದ ರೂಪ ಬದಲಿಸಿ, ಕೊಬ್ಬಿಗಲ್ಲದೆ ಮಾಂಸಕ್ಕೆ ಅಂಟುತ್ತದೆ. ಏಣಿ ಮಾತ್ರ ಅದೇ. ನುನಾವಿಕ್‌ನಲ್ಲಿ ಹುಟ್ಟಿನಿಂದ ಶಾಲೆಯ ವಯಸ್ಸಿನವರೆಗೆ ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲಿ, ಗರ್ಭದಲ್ಲಿದ್ದಾಗ ಹೆಚ್ಚು ಪಾದರಸ ತಾಗಿದ್ದವರಲ್ಲಿ ಗಮನ ನಿಲ್ಲದ ತೊಂದರೆ ಹೆಚ್ಚಾಗಿ ಕಂಡಿತು.

ಈ ಮಿಡತೆಗಳಲ್ಲಿ ನಮ್ಮ ಕಡೆಯಿಂದ ಹೋದವೂ ಇದ್ದವು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಶುರುವಾದ ಮೇಲೆ ಹಳ್ಳಿಹಳ್ಳಿಗೆ ಡಿಡಿಟಿ ಹೊಡೆಯುವವರು ಬಂದರು. ಗೋಡೆಯ ಮೇಲೆ ಬಿಳಿ ಕಲೆ ಉಳಿಯಿತು. ಮಲೇರಿಯಾ ಇಳಿದು ಲಕ್ಷಾಂತರ ಜೀವ ಉಳಿದದ್ದೂ ನಿಜ. ಆದರೆ ಅದೇ ಜಾತಿಯ ಪುಡಿ ಹೊಲಕ್ಕೂ ಇಳಿಯಿತು, ಕಾಳಿನ ಚೀಲಕ್ಕೂ ಏರಿತು. ಹತ್ತಿ, ಜೋಳ, ತೊಗರಿಯ ಬೆಳವಲದಲ್ಲಿ ಬಿಎಚ್‌ಸಿ ಪುಡಿಯ ಘಾಟು ಗೊತ್ತಿಲ್ಲದ ಹಿರಿಯರು ಕಡಿಮೆ. ಅದು ಮೇವಿಗೆ ಬಂತು, ಮೇವಿನಿಂದ ಎಮ್ಮೆಗೆ, ಎಮ್ಮೆಯಿಂದ ಹಾಲಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 12 ರಾಜ್ಯಗಳಿಂದ ಹಸು, ಎಮ್ಮೆ ಹಾಲಿನ 2,205 ಮಾದರಿ ತರಿಸಿ ಪರೀಕ್ಷಿಸಿ, 1993ರಲ್ಲಿ ವರದಿ ಕೊಟ್ಟಿತು. ಸುಮಾರು ಶೇ. 82ರಷ್ಟು ಮಾದರಿಗಳಲ್ಲಿ ಡಿಡಿಟಿ ಇತ್ತು, ಶೇ. 37ರಷ್ಟರಲ್ಲಿ ಮಿತಿ ಮೀರಿತ್ತು. ಧ್ರುವದ ಸೀಲ್ ಕೊಬ್ಬಿನ ಕಥೆಯೇ ನಮ್ಮ ತುಪ್ಪದ ಕಥೆಯೂ ಆಗಿತ್ತು.

ಕನ್ನಡದ ನೆಲದಲ್ಲಿ ಇದರ ಅತಿ ಕಹಿ ಅಧ್ಯಾಯ ಬರೆದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಕೆಳಗೆ ಪಡ್ರೆಯಂಥ ಊರುಗಳಿದ್ದವು, ತೆರೆದ ಬಾವಿಗಳಿದ್ದವು, ಕೊಳ್ಳದಲ್ಲಿ ಹರಿಯುವ ತೋಡುಗಳಿದ್ದವು. ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳ ಬೆನ್ನು ಹತ್ತಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಇದೇ ಗೋಳು. 2011ರ ಏಪ್ರಿಲ್‌ನಲ್ಲಿ ಜಗತ್ತಿನ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು; ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ತಡೆ ಹೇರಿತು. ಜಗತ್ತು ಒಪ್ಪಲು ಒಂದು ಮುಖ್ಯ ಕಾರಣ, ಯಾರೂ ಸಿಂಪಡಿಸದ ಧ್ರುವದ ಗಾಳಿಯಲ್ಲೂ ಪ್ರಾಣಿಗಳಲ್ಲೂ ಅದು ಸಿಕ್ಕದ್ದು.

ಆ ಪಟ್ಟಿ 2001ರ ಸ್ಟಾಕ್‌ಹೋಮ್ ಒಪ್ಪಂದದ್ದು. ಮಾತುಕತೆಯ ವೇಳೆ ಇನ್ಯೂಯಿಟ್ ನಾಯಕಿ ಶೀಲಾ ವಾಟ್-ಕ್ಲೌಟಿಯರ್ ತಾಯಿ ಮಗುವಿನ ಒಂದು ಕಲ್ಲಿನ ಶಿಲ್ಪವನ್ನು ಉಡುಗೊರೆಯಾಗಿ ಕೊಟ್ಟರು. ಅದು ಅಧ್ಯಕ್ಷರ ಮೇಜಿನ ಮೇಲೆ ಕೂತು ಮಾತುಕತೆಗೆ ಸಾಕ್ಷಿಯಾಯಿತು. ಧ್ರುವವಾಸಿಗಳ ಸಾಂಪ್ರದಾಯಿಕ ಆಹಾರ ಮಲಿನವಾಗಿರುವುದು ಸಾರ್ವಜನಿಕ ಆರೋಗ್ಯದ ಪ್ರಶ್ನೆ ಎಂದು ಒಪ್ಪಂದದ ಪೀಠಿಕೆಯೇ ಹೇಳುತ್ತದೆ.

ಹಾಗಾದರೆ ಆ ಆಹಾರ ಬಿಡಿ ಎನ್ನಬೇಕಿತ್ತೇ? ಬಿಟ್ಟರೆ ತಿನ್ನುವುದೇನು? ವಿಮಾನದಲ್ಲಿ ಬರುವ ದಿನಸಿಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ; ಅಗ್ಗಕ್ಕೆ ಸಿಗುವುದು ಸಕ್ಕರೆ ನೀರು, ಚಿಪ್ಸು. ಸೀಲ್, ಮೀನುಗಳಲ್ಲಿ ಹೃದಯಕ್ಕೆ ಹಿತವಾದ ಒಮೆಗಾ-3 ಇದೆ, ಕಬ್ಬಿಣವಿದೆ, ಸೆಲೆನಿಯಂ ಇದೆ. ಬೇಟೆಯಾಡಿ ತಂದದ್ದನ್ನು ಹಂಚಿ ತಿನ್ನುವುದೇ ಅವರ ನಂಟಸ್ತಿಕೆ. ಅದಕ್ಕೇ ಅಲ್ಲಿನ ವೈದ್ಯರು ಆ ಆಹಾರವನ್ನೂ ಬಿಡಿಸಲಿಲ್ಲ, ಎದೆಹಾಲನ್ನೂ ಬಿಡಿಸಲಿಲ್ಲ. ಗರ್ಭಿಣಿಯರು ಪಾದರಸ ಹೆಚ್ಚಿರುವ ಬೆಲುಗಾ ಮಾಂಸ ಕಡಿಮೆ ಮಾಡಿ, ಪಾದರಸ ಕಡಿಮೆಯಿರುವ ಆರ್ಕ್ಟಿಕ್ ಚಾರ್ ಮೀನು ತಿನ್ನಲಿ ಎಂದರು. ತಟ್ಟೆಯನ್ನು ದೂರದೆ ತಟ್ಟೆಗೆ ವಿಷ ಬರುವ ದಾರಿಯನ್ನು ಹಿಡಿದರು.

ದಾರಿ ಹಿಡಿದರೆ ಫಲವುಂಟು ಎಂಬುದಕ್ಕೆ ಸಾಕ್ಷಿ ಧ್ರುವದ ಗಾಳಿಯಲ್ಲೇ ಇದೆ. ಬಿಎಚ್‌ಸಿ ಪುಡಿಯ ಮುಖ್ಯ ಅಂಶದ ಮಟ್ಟ ಅಲ್ಲಿ ಎರಡು ಮೆಟ್ಟಿಲಾಗಿ ಇಳಿದಿದೆ. ಮೊದಲನೆಯದು 1983ರ ಸುಮಾರಿಗೆ, ಚೀನಾ ಅದನ್ನು ನಿಲ್ಲಿಸಿದಾಗ. ಎರಡನೆಯದು 1990ರ ಆಸುಪಾಸು, ಭಾರತದ ಹೊಲಗಳಲ್ಲಿ ಬಳಕೆ ಕಡಿಮೆಯಾದಾಗ ಮತ್ತು ಸೋವಿಯತ್ ಒಕ್ಕೂಟ ಕೈಬಿಟ್ಟಾಗ. 1989ರಲ್ಲಿ ಡಿಡಿಟಿ ನಮ್ಮ ಹೊಲಗಳಿಂದ ಹೊರಬಿತ್ತು, 1997ರಲ್ಲಿ ಬಿಎಚ್‌ಸಿಗೆ ಪೂರ್ಣ ನಿಷೇಧ ಬಂತು. ನುನಾವಿಕ್ ಗರ್ಭಿಣಿಯರ ರಕ್ತದಲ್ಲಿ 1992ರಿಂದ ಈಚೆಗೆ ಪಿಸಿಬಿ, ಡಿಡಿಟಿ ಎರಡೂ ಬಹಳ ಇಳಿದಿವೆ. ಊಟದ ಬದಲಾವಣೆಗೂ ಇದರಲ್ಲಿ ಪಾಲಿದೆ. ನಾನ್‌ಸ್ಟಿಕ್ ಜಾತಿಯ ಹೊಸ ರಾಸಾಯನಿಕಗಳಲ್ಲಿ ಕೆಲವು ಮಾತ್ರ ಏರುತ್ತಿವೆ. ಬೆಳವಲದ ರೈತ ಒಂದು ಪುಡಿಯನ್ನು ಕೈಬಿಟ್ಟದ್ದು, ಅವನಿಗೆ ಹೆಸರೂ ಗೊತ್ತಿಲ್ಲದ ಹಿಮದ ನಾಡಿಗೆ ತಿಳಿದಿತ್ತು.

ಇವತ್ತು ಘಟಪ್ರಭೆಯ ಕಾಲುವೆ ಹರಿದಲ್ಲೆಲ್ಲ ಕಬ್ಬು. ಹಿಡಕಲ್ ಜಲಾಶಯವಿರುವ ಹುಕ್ಕೇರಿ, ಗೋಕಾಕ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ, ಎಲ್ಲಿ ನಿಂತರೂ ಹಸಿರು. ಈಗಿನ ಔಷಧಗಳಲ್ಲಿ ಹೆಚ್ಚಿನವು ಡಿಡಿಟಿಯಷ್ಟು ದೀರ್ಘಾಯುಷಿಗಳಲ್ಲ. ಆದರೆ ನಮ್ಮ ರೂಢಿಗಳು ದೀರ್ಘಾಯುಷಿಗಳು. ಔಷಧದ ಖಾಲಿ ಕ್ಯಾನು ತೊಳೆದು ನೀರು ತುಂಬುವುದು ಅಂಥ ರೂಢಿ. ಸಿಂಪಡಿಸಿದ ಮರುದಿನವೇ ಬದುವಿನ ಹುಲ್ಲು ಎಮ್ಮೆಗೆ ಹಾಕುವುದು ಇನ್ನೊಂದು. ಕಾಳಿನ ಚೀಲಕ್ಕೆ ಪುಡಿ ಎರಚುವವರಿಗೆ ಬೇವಿನೆಲೆ, ಬೂದಿ ಹಳೆಯದಾಗಿ ಕಾಣುತ್ತದೆ.

ಬೆಲ್ಲದ ಗಾಣದ ಒಲೆಯನ್ನೂ ಇಣುಕಿ ನೋಡಬೇಕು. ಕಬ್ಬಿನ ಸಿಪ್ಪೆ ಒಣಗಿದ್ದರೆ ಒಲೆಗೆ ಬೇರೇನೂ ಬೇಡ. ಮಳೆಗೆ ಸಿಪ್ಪೆ ನೆಂದು ಉರಿ ಹತ್ತದಾಗ ಹಳೆಯ ಟೈರು, ಪ್ಲಾಸ್ಟಿಕ್ ತುರುಕುವ ಚಾಳಿ ಕೆಲವೆಡೆ ಉಂಟು. ಆ ಕಪ್ಪು ಹೊಗೆಯಲ್ಲಿ ಹುಟ್ಟುವ ಡೈಯಾಕ್ಸಿನ್ ಪಿಸಿಬಿಯ ಹತ್ತಿರದ ನೆಂಟ. ಅದೂ ಕೊಬ್ಬಿಗೇ ಅಂಟುತ್ತದೆ, ಅದೂ ಗಾಳಿ ಏರುತ್ತದೆ. ಒಂದಿಷ್ಟು ಗಾಣದ ಸುತ್ತಲಿನ ಮೇವಿನ ಮೇಲೆ ಕೂತು ಎಮ್ಮೆಯ ಹೊಟ್ಟೆಗೆ ಹೋಗುತ್ತದೆ, ಒಂದಿಷ್ಟು ಉತ್ತರಕ್ಕೆ ಹೊರಡುತ್ತದೆ. ಸಿಪ್ಪೆಯನ್ನು ಮಳೆಗೆ ಮೊದಲೇ ಒಟ್ಟಿ, ಮೇಲೆ ಒಂದು ತಗಡು ಮುಚ್ಚಿದರೆ ಎರಡೂ ದಾರಿ ಕಟ್ಟಿದಂತೆ. ಆಯಿ ಉಂಡೆ ಕಟ್ಟುವ ಬೆಲ್ಲ ಬರುವುದು ಆ ಒಲೆಯಿಂದಲೇ, ತುಪ್ಪ ಬರುವುದು ಆ ಎಮ್ಮೆಯಿಂದಲೇ.