ಕೊರಳಿನ ಕೊಳವೆಗೆ ಎರಡು ಹೊಲಿಗೆ

ಕಲ್ಯಾಣದುರ್ಗದ ಕಡೆಯ ನಮ್ಮ ಬಂಧುವೊಬ್ಬರು ಕಳೆದ ವರ್ಷ ಕಾಯಿಲೆ ಬಿದ್ದು, ಮೊದಲು ಹಿಂದೂಪುರಕ್ಕೂ ಅಲ್ಲಿಂದ ಬೆಂಗಳೂರಿಗೂ ಹೋಗಬೇಕಾಯಿತು. ಹಿಪ್ಪುನೇರಳೆ ಬೆಳೆದು, ಗೂಡನ್ನು ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹಾಕುವ ರೈತರು ಅವರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಐ.ಸಿ.ಯು. ಎಂದು ಎಲ್ಲರೂ ಕರೆಯುವ ತೀವ್ರ ನಿಗಾ ಘಟಕದಲ್ಲಿ ಅವರನ್ನು ಇಟ್ಟಿದ್ದರು. ಕೊರಳಿನ ಬಲಗಡೆ ಒಂದು ಕೊಳವೆ ಹಾಕಿ, ಅದನ್ನು ಚರ್ಮಕ್ಕೆ ಹೊಲಿದಿದ್ದರು. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, "ಕೈಗೆ ಹಾಕುವ ಸೂಜಿ ಸಾಲದೆ ಸಾರ್, ಕೊರಳಿಗೇಕೆ?" ಎಂದಳು. ನಾವು ಕನ್ನಡ ಪಾಠ ಹೇಳುವವರು, ವೈದ್ಯರಲ್ಲ. ಅಲ್ಲಿಯ ವೈದ್ಯರನ್ನೂ ಸಿಸ್ಟರುಗಳನ್ನೂ ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಕೈಯ ನರ ಎಂದು ನಾವು ಹೇಳುವುದು ಸಣ್ಣ ಅಭಿಧಮನಿ. ಅದರಲ್ಲಿ ಹರಿಯುವ ರಕ್ತ ಕಡಿಮೆ. ರಕ್ತದೊತ್ತಡ ತೀರ ಇಳಿದಾಗ ಕೊಡುವ ನಾರ್‌ಅಡ್ರಿನಲಿನ್‌ನಂಥ ಔಷಧಿ ಅಲ್ಲಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆಯಬಹುದು. ಆದುದರಿಂದ ಕೊರಳು, ಕೊರಳೆಲುಬಿನ ಕೆಳಭಾಗ ಅಥವಾ ತೊಡೆಸಂದಿನ ದೊಡ್ಡ ಅಭಿಧಮನಿಯೊಳಕ್ಕೆ ತೆಳುವಾದ ಕೊಳವೆಯನ್ನು ಇಳಿಸುತ್ತಾರೆ. ಕೊರಳಿನಿಂದ ಇಳಿಸಿದ ಕೊಳವೆಯ ತುದಿ ಹೃದಯದ ಬಾಗಿಲ ಬಳಿಯ ಮಹಾಭಿಧಮನಿಯಲ್ಲಿ ನಿಲ್ಲುತ್ತದೆ. ಅಲ್ಲಿ ರಕ್ತದ ಹರಿವು ಜೋರಾಗಿರುವುದರಿಂದ ಔಷಧಿ ಕೂಡಲೇ ಬೆರೆತು ಮೈಗೆಲ್ಲ ಹೋಗುತ್ತದೆ.

ಇಂಥ ಕೆಲಸ ಸಾಧ್ಯವೆಂದು ತೋರಿಸಿದವನು ಜರ್ಮನಿಯ ಯುವವೈದ್ಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಅವನು ತನ್ನ ತೋಳಿನ ಅಭಿಧಮನಿಯಿಂದಲೇ ಹೃದಯದವರೆಗೆ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದನು. (ಮಕ್ಕಳೇ, ಇದನ್ನು ಮಾತ್ರ ಅನುಸರಿಸಬೇಡಿ!) 1956ರಲ್ಲಿ ಇನ್ನಿಬ್ಬರೊಂದಿಗೆ ಅವನಿಗೂ ನೊಬೆಲ್ ಬಹುಮಾನ ಬಂದಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಇನ್ನೊಂದು ಉಪಾಯ ಹೇಳಿಕೊಟ್ಟನು. ಮೊದಲು ಸೂಜಿ, ಅದರೊಳಗೆ ತಂತಿ, ಸೂಜಿ ತೆಗೆದು ತಂತಿಯ ಮೇಲೆ ಕೊಳವೆ, ಕೊನೆಗೆ ತಂತಿಯನ್ನು ಹೊರಗೆಳೆಯುವುದು. ಇಂದಿಗೂ ಕೊಳವೆ ಹಾಕುವುದು ಬಹುಮಟ್ಟಿಗೆ ಹೀಗೆಯೇ.

ಹಾಕುವುದು ಸ್ವಲ್ಪ ಹೊತ್ತಿನ ಕೆಲಸ. ಹಾಕಿದ್ದನ್ನು ಅಲ್ಲಿಯೇ ನಿಲ್ಲಿಸುವುದು ಹಗಲುರಾತ್ರಿಯ ಕೆಲಸ. ನಮ್ಮ ಸೀಮೆಯ ತೋಟಗಳಲ್ಲಿ ಡ್ರಿಪ್ ಪೈಪು ನೋಡಿದ್ದೀರಷ್ಟೆ. ಪೈಪು ಒಂದು ಗೇಣು ಸರಿದರೆ ನೀರು ಬೇರೆಲ್ಲೋ ಬಿದ್ದು ಗಿಡ ಒಣಗುತ್ತದೆ. ಕೊಳವೆ ಸರಿದರೂ ಹಾಗೆಯೇ. ಕೊರಳು ಸುಮ್ಮನಿರುವ ಅಂಗವಲ್ಲ. ತಿರುಗುತ್ತದೆ, ಬೆವರುತ್ತದೆ, ಗಂಡಸರಿಗೆ ಗಡ್ಡವೂ ಬೆಳೆಯುತ್ತದೆ. ಅಂಟಿಸಿದ ಪಟ್ಟಿ ಸಡಿಲವಾಗುತ್ತದೆ. ಅದಕ್ಕಾಗಿ ಕೊಳವೆಗೆ ಎರಡು ಪುಟ್ಟ ರೆಕ್ಕೆಗಳಿರುತ್ತವೆ. ರೆಕ್ಕೆಗಳ ತೂತಿನಲ್ಲಿ ದಾರ ಪೋಣಿಸಿ ಚರ್ಮಕ್ಕೆ ಹೊಲಿಯುತ್ತಾರೆ. ಆಮೇಲೆ ಪಾರದರ್ಶಕ ಪಟ್ಟಿಯನ್ನು ಅಂಟಿಸುತ್ತಾರೆ. ಕೊಳವೆ ಒಳಹೊಕ್ಕ ಜಾಗ ಕೆಂಪಾಗಿದೆಯೇ, ಕೀವಾಗಿದೆಯೇ ಎಂದು ಪಟ್ಟಿ ಬಿಚ್ಚದೆಯೇ ನೋಡಬಹುದು. ಆ ಪಟ್ಟಿಯನ್ನು ಸಾಮಾನ್ಯವಾಗಿ 7 ದಿನಕ್ಕೊಮ್ಮೆ, ಬಟ್ಟೆಯ ಪಟ್ಟಿಯಾದರೆ 2 ದಿನಕ್ಕೊಮ್ಮೆ ಬದಲಿಸುತ್ತಾರೆ. ಒದ್ದೆಯಾದರೆ, ಕಿತ್ತುಬಂದರೆ ಕೂಡಲೇ. ಹೊಲಿಗೆಯ ತೂತಿನಿಂದಲೂ ರೋಗಾಣು ಒಳಸೇರಬಹುದು, ಹೊಲಿಯುವವರ ಬೆರಳಿಗೂ ಸೂಜಿ ಚುಚ್ಚಬಹುದು. ಆದುದರಿಂದ ಈಗ ಹೊಲಿಗೆಯಿಲ್ಲದೆ ಹಿಡಿದಿಡುವ ಅಂಟುಪಟ್ಟಿಗಳೂ ಬಂದಿವೆ.

ಕೊಳವೆಯ ಮೇಲೆ ಸೆಂಟಿಮೀಟರ್ ಗುರುತುಗಳಿವೆ. ಚರ್ಮದ ಬಳಿ ಎಷ್ಟನೆಯ ಗುರುತು ಇದೆಯೆಂದು ಸಿಸ್ಟರುಗಳು ನೋಡಿ ಬರೆದಿಡುತ್ತಾರೆ. ಹೊರಗೆ ಜಾರಿದ್ದರೆ ಮತ್ತೆ ಒಳಕ್ಕೆ ತಳ್ಳುವಂತಿಲ್ಲ. ಹೊರಬಂದ ಭಾಗಕ್ಕೆ ರೋಗಾಣು ತಗುಲಿರುತ್ತದೆ. ತಳ್ಳಿದರೆ ಅದನ್ನು ನೇರವಾಗಿ ರಕ್ತಕ್ಕೆ ಬಿಟ್ಟಂತೆ.

ಇದನ್ನೆಲ್ಲ ನಾವು ಕೇಳಿ ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ. ನೋಡಲು ಬಿಟ್ಟ ಹತ್ತು ನಿಮಿಷದಲ್ಲಿ, ಅವರ ಹೊದಿಕೆ ಜಾರಿದೆಯೆಂದು ಸರಿಪಡಿಸಲು ಹೋದೆವು. ಹೊದಿಕೆಯ ಮಡಿಕೆಯಲ್ಲಿ ಕೊಳವೆಗೆ ಸೇರಿದ ಪೈಪು ಸಿಕ್ಕಿತ್ತು. ಸಿಸ್ಟರ್ ಓಡಿಬಂದು ನಮ್ಮ ಕೈ ಹಿಡಿದರು. ಹೊಲಿಗೆ ಇದ್ದುದರಿಂದ ಕೊಳವೆ ಉಳಿಯಿತು. "ಅದರಲ್ಲೇ ಬಿ.ಪಿ. ಔಷಧಿ ಹೋಗುತ್ತಿದೆ. ಕಿತ್ತುಬಂದಿದ್ದರೆ ನಿಮಿಷಗಳಲ್ಲೇ ಒತ್ತಡ ಬಿದ್ದುಬಿಡುತ್ತಿತ್ತು," ಎಂದರು. ಬೈಯಲಿಲ್ಲ, ಬೈದಿದ್ದರೇ ಒಳ್ಳೆಯದಿತ್ತು ಎನಿಸಿತು. ಕೊಳವೆ ಪೂರ್ತಿ ಹೊರಬಂದರೆ ಇನ್ನೊಂದು ಅಪಾಯವಿದೆ. ರೋಗಿ ಕುಳಿತು ಉಸಿರೆಳೆದುಕೊಂಡಾಗ ಆ ತೂತಿನಿಂದ ಗಾಳಿ ಒಳಸೇರಿ ಹೃದಯಕ್ಕೆ ಹೋಗಬಹುದು. ಆಗ ರೋಗಿಯನ್ನು ಚಪ್ಪಟೆಯಾಗಿ ಮಲಗಿಸಿ, ತೂತನ್ನು ಒತ್ತಿಹಿಡಿದು, ಸಿಸ್ಟರನ್ನು ಕೂಗಬೇಕು. ಜ್ವರ, ಔಷಧಿಗಳ ಅಮಲಿನಲ್ಲಿ ದಿಕ್ಕುತಪ್ಪಿದ ರೋಗಿ ತಾನೇ ಕಿತ್ತುಕೊಳ್ಳುವುದೂ ಉಂಟು. ನಮ್ಮ ಬಂಧುವೂ ಎರಡು ರಾತ್ರಿ ಕೊರಳಿಗೆ ಕೈ ಹಾಕಿದ್ದರಂತೆ. ಮನೆಯವರು ಹತ್ತಿರ ಕುಳಿತು, ಕೈ ಹಿಡಿದು, ಈಗ ಹಗಲು, ಇದು ಆಸ್ಪತ್ರೆ ಎಂದು ಹೇಳುತ್ತಿದ್ದರೆ ಎಷ್ಟೋ ಸಹಾಯವಾಗುತ್ತದೆ ಎಂದು ಸಿಸ್ಟರ್ ಹೇಳಿದರು. ಆ ಕೆಲಸವನ್ನು ಅವರ ಹೆಂಡತಿ ಮಾಡಿದರು.

ಎಂಟನೆಯ ದಿನ ಔಷಧಿ ನಿಲ್ಲಿಸಿ, ಅವರನ್ನು ಚಪ್ಪಟೆಯಾಗಿ ಮಲಗಿಸಿ, ಉಸಿರು ಬಿಗಿಹಿಡಿಯ ಹೇಳಿ ಕೊಳವೆ ತೆಗೆದರು. ಕತ್ತರಿಸಿದ ಕಪ್ಪು ದಾರದ ತುಂಡು ತಟ್ಟೆಯಲ್ಲಿತ್ತು. ಅದೇನೆಂದು ಕೇಳಿದರು. ರೇಷ್ಮೆ ದಾರ ಎಂದರು ಸಿಸ್ಟರ್.

"ನಮ್ಮ ಹುಳದ್ದೇ ಏನಮ್ಮಾ?" ಎಂದರು ನಮ್ಮ ಬಂಧು. ಎಷ್ಟೋ ದಿನಗಳ ಮೇಲೆ ಅವರು ನೆಟ್ಟಗೆ ಆಡಿದ ಮೊದಲ ಮಾತು ಅದು.